ಪುಕ್ಕಟೆ ಕೊಟ್ಟರೂ ಬೇಡ ಅಂದರು

ಆಕೆ ಮಗುವಿನ ಮಂಚದ ಒಂದು ಪಕ್ಕದ ಕಂಬಿ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರು. ಟಕ್ ಅಂತ ಕೂತಿತು. ಕೆಳಗಿಳಿಸಿದರು. ಮತ್ತೆ ಎತ್ತಿದರು. ಈ ಸಲ ಒಂದು ತುದಿ ಕೂತಿತು, ಇನ್ನೊಂದು ತುದಿ ಒಂದು ಬೆರಳಿನಷ್ಟು ಕೆಳಗೇ ನಿಂತಿತು. ಅದನ್ನು ಹೇಗೆ ಕೂರಿಸಬೇಕು ಅಂತ ನನಗೆ ಗೊತ್ತು. ಮೊಣಕಾಲಿನಿಂದ ಮೆಲ್ಲಗೆ ಒಂದು ಗುದ್ದು ಕೊಡಬೇಕು. ಮೂರು ವರ್ಷ ದಿನಕ್ಕೆ ಹತ್ತು ಸಲ ಕೊಟ್ಟಿದ್ದೇನೆ. ಮುಂದೆ ಹೋಗಿ ಗುದ್ದಿ ತೋರಿಸಿದೆ. ಕೂತಿತು. "ನೋಡಿ, ಇಷ್ಟೇ" ಅಂದೆ. ಆಕೆ ನಕ್ಕರು. ಒಂದು ಕೈ ಹೊಟ್ಟೆಯ ಮೇಲಿತ್ತು, ಏಳು ತಿಂಗಳಿರಬೇಕು. "ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಿ. ಆದ್ರೆ ಬೇಡ. ತಪ್ಪು ತಿಳ್ಕೋಬೇಡಿ" ಅಂದರು.

ತಪ್ಪು ತಿಳಿದುಕೊಂಡೆ. ಸುಳ್ಳು ಯಾಕೆ ಹೇಳಲಿ. ಬಾಗಿಲವರೆಗೆ ನಗುನಗುತ್ತಲೇ ಕಳಿಸಿಕೊಟ್ಟು, ಒಳಗೆ ಬಂದು ಹೆಂಡತಿಯ ಹತ್ತಿರ ಒಂದು ಗಂಟೆ ಗೊಣಗಿದೆ. ಪುಕ್ಕಟೆ ಕೊಡ್ತಿದ್ದೀನಿ. ಒರೆಸಿ, ಪಾಲಿಶ್ ಮಾಡಿ ಇಟ್ಟಿದ್ದೀನಿ. ನನ್ನ ಮಗಳು ಮಲಗಿದ ಮಂಚ. ಅದನ್ನು ಬೇಡ ಅನ್ನೋದು ಅಂದ್ರೇನು? ಹೆಂಡತಿ ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ, "ಬೇಡ ಅಂದ್ರೆ ಬೇಡ ಅಂತ ಅರ್ಥ" ಅಂದಳು.

ಹೋಗುವ ಮುಂಚೆ ಆಕೆ ಕಾರಣವನ್ನೂ ಹೇಳಿದ್ದರು. ಹೀಗೆ ಪಕ್ಕ ಜಾರುವ ಮಂಚಗಳನ್ನು ಕೆಲವು ಕಡೆ ಈಗ ಮಾರುವ ಹಾಗೇ ಇಲ್ಲ ಅಂತ. ನಾನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟಿದ್ದೆ. ರಾತ್ರಿ ಹುಡುಕಿ ಓದಿದೆ. ನಿಜ. ಅಮೆರಿಕದಲ್ಲಿ 2011ರ ಜೂನ್‌ನಿಂದ ಇಂಥ ಮಂಚಗಳನ್ನು ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ, ಹಳೆಯದನ್ನು ಮರುಮಾರಾಟ ಮಾಡುವ ಹಾಗೂ ಇಲ್ಲ. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ 30ಕ್ಕೂ ಹೆಚ್ಚು ಕೂಸುಗಳು ಇವುಗಳಿಂದ ಸತ್ತಿದ್ದವು. ಆಗುವುದು ಹೀಗೆ: ಚೌಕಟ್ಟನ್ನು ಹಿಡಿದಿಡುವ ಸಣ್ಣ ಕೊಂಡಿ ದಿನಾ ಎತ್ತಿ ಇಳಿಸಿ ಸಡಿಲವಾಗುತ್ತದೆ. ಒಂದು ಮೂಲೆ ಕಳಚಿಕೊಳ್ಳುತ್ತದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಸಂದು ಬೀಳುತ್ತದೆ. ಮಗು ಹೊರಳಿ ಆ ಸಂದಿಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಓದುತ್ತಾ ಓದುತ್ತಾ ನನ್ನ ಮೊಣಕಾಲಿನ ಗುದ್ದು ನೆನಪಾಗಿ ಮೈ ಝುಂ ಅಂದಿತು.

ನಮ್ಮಲ್ಲೊಂದು ಗಾದೆ ಇದೆಯಲ್ಲ, ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಇಷ್ಟು ದಿನ ಅದನ್ನು ಕೇಳಿದಾಗೆಲ್ಲ ನಾನು ಕೊಟ್ಟವರ ಕಡೆ. ಬಿಟ್ಟಿ ಸಿಕ್ಕಿದ್ದಕ್ಕೂ ಅಳತೆ ಹಾಕ್ತಾರಲ್ಲ, ಎಂಥ ಜನ ಅಂತ. ಆ ರಾತ್ರಿ ಗಾದೆಯಲ್ಲಿನ ಹಿತ್ತಲು ಮೊದಲ ಸಲ ಕಣ್ಣಿಗೆ ಬಿತ್ತು. ಯಾಕೆ ಹಿತ್ತಲಿಗೆ ಹೋಗಬೇಕಾಯಿತು? ಕೊಟ್ಟವರ ಎದುರಿಗೆ ಮೊಳ ಹಾಕೋಕೆ ಆಗಲಿಲ್ಲ, ಅದಕ್ಕೆ. ಉಟ್ಟುಕೊಳ್ಳಬೇಕಾದವರು ಅವರು. ಸಾಲುತ್ತೋ ಇಲ್ಲವೋ ನೋಡಬೇಡವೇ? ಈಕೆ ನನ್ನ ಎದುರಿಗೇ ಮೊಳ ಹಾಕಿದರು, ಸಾಲದು ಅಂದರು, ಹೊರಟರು. ನನಗೆ ಚುಚ್ಚಿದ್ದು ಅದೇ.

ಇರಲಿ ಬಿಡು

ಮನೆಯಿಂದ ಸಾಮಾನು ಹೊರಗೆ ಹೋಗುವ ಮೊದಲು ಎಷ್ಟು ವರ್ಷ ಒಳಗೇ ಕೊಳೆಯುತ್ತದೆ ಅನ್ನುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಟ್ಟ ಇರುವವರ ಮನೆಯಲ್ಲಿ ಅಟ್ಟದ ಮೇಲೆ, ಇಲ್ಲದವರ ಮನೆಯಲ್ಲಿ ಮಂಚದ ಕೆಳಗೆ. ನಮ್ಮ ಮನೆಯಲ್ಲಿ ಎರಡೂ ತುಂಬಿವೆ. "ಇರಲಿ ಬಿಡು, ಯಾವಾಗಾದ್ರೂ ಬೇಕಾಗುತ್ತೆ" ಅನ್ನುವ ಒಂದು ಮಾತಿಗೆ ಎಷ್ಟು ಜಾಗ ಬೇಕು ನೋಡಿ. ವೈರ್ ಕಿತ್ತುಹೋದ ಇಸ್ತ್ರಿ ಪೆಟ್ಟಿಗೆ, ಯಾವ ಡಬ್ಬಿಯದೆಂದು ಗೊತ್ತಿಲ್ಲದ ಮುಚ್ಚಳಗಳು, ಮಗಳ ಮೂರು ಚಕ್ರದ ಸೈಕಲ್ಲು, ಒಂದು ಗಾಲಿ ಇಲ್ಲದ ಸೂಟ್‌ಕೇಸ್. ಆ ಸೂಟ್‌ಕೇಸ್ ಒಳಗೆ ಅದಕ್ಕಿಂತ ಸಣ್ಣ ಸೂಟ್‌ಕೇಸ್. ಅದರೊಳಗೆ ಹಳೇ ಪರದೆಗಳು, ಹಿಂದಿನ ಬಾಡಿಗೆ ಮನೆಯ ಕಿಟಕಿ ಅಳತೆಯವು.

ತನ್ನದು ಅಂತಾದ ಮೇಲೆ ವಸ್ತುವಿನ ತೂಕ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಡೇನಿಯಲ್ ಕಾನಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ ಅನ್ನುವ ಮೂವರು ಸಂಶೋಧಕರು ಕಾಫಿ ಕಪ್ಪು ಇಟ್ಟುಕೊಂಡು ಪರೀಕ್ಷೆ ಮಾಡಿದ್ದರು. ಫಲಿತಾಂಶ ಪ್ರಕಟವಾದದ್ದು 1990ರಲ್ಲಿ. ಒಂದು ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಪ್ಪು ಕೊಟ್ಟರು. ಕಪ್ಪು ಸಿಕ್ಕವರನ್ನು ಎಷ್ಟಕ್ಕೆ ಮಾರ್ತೀರಿ ಅಂತ, ಸಿಗದವರನ್ನು ಎಷ್ಟಕ್ಕೆ ಕೊಳ್ತೀರಿ ಅಂತ ಕೇಳಿದರು. ಅದೇ ಕಪ್ಪು, ಅದೇ ತರಗತಿ, ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ಮಾರುವವರು ಕೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಆಗ ತಾನೇ ಕೈಗೆ ಬಂದ ಕಪ್ಪಿನ ಕಥೆಯೇ ಹೀಗಾದರೆ, ಮೂರು ವರ್ಷ ಮಗಳನ್ನು ಮಲಗಿಸಿದ ಮಂಚದ ಕಥೆ ಏನು? ನಾನು ಅದನ್ನು ಪುಕ್ಕಟೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಒಳಗೊಳಗೇ ಬೆಲೆ ಕಟ್ಟಿದ್ದೆ. "ಅಯ್ಯೋ, ಎಷ್ಟು ಚೆನ್ನಾಗಿದೆ!" ಅನ್ನಿಸಿಕೊಳ್ಳಬೇಕಿತ್ತು. ಒಂದೆರಡು ವರ್ಷ ಬಿಟ್ಟು ಅವರ ಮಗು ಅದರಲ್ಲಿ ನಿಂತು ನಗುವ ಫೋಟೋ ಬರಬೇಕಿತ್ತು. ಇದನ್ನೆಲ್ಲ ಬೆಲೆ ಅನ್ನದೆ ಏನನ್ನೋಣ.

ಕೊಡುವುದು ತಡವಾಗುವುದಕ್ಕೂ ಇದೇ ಕಾರಣ ಅನ್ನಿಸುತ್ತದೆ. ಎಲ್ಲಕ್ಕಿಂತ ಜಾಸ್ತಿ ತಡವಾಗುವುದು ಫೋನಿನ ವಿಷಯದಲ್ಲಿ. ಹೊಸದು ಬಂದ ದಿನ ಹಳೆಯದನ್ನು ಯಾರಿಗಾದರೂ ಕೊಟ್ಟರೆ ಅವರು ಇನ್ನೂ ಎರಡು ವರ್ಷ ಬಳಸಬಹುದು. ನಾವು ಡ್ರಾಯರಿನಲ್ಲಿಡುತ್ತೇವೆ. ನಾಲ್ಕು ವರ್ಷ ಬಿಟ್ಟು ತೆಗೆದರೆ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಪರದೆಯನ್ನೇ ಎತ್ತಿರುತ್ತದೆ. ಆಗ ಅದು ಕೊಡುವ ವಸ್ತು ಅಲ್ಲ. ಸಾಮಾನ್ಯ ಕಸಕ್ಕೂ ಹಾಕುವ ಹಾಗಿಲ್ಲ, ಚುಚ್ಚಿದರೆ ಬೆಂಕಿ ಹತ್ತುತ್ತದೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ಲೆಕ್ಕ ಸಿಗುವುದು ಶೇ 22ರಷ್ಟಕ್ಕೆ ಮಾತ್ರ. ಅಷ್ಟು ದೊಡ್ಡ ಅಂಕಿ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನಿಲ್ಲುವುದು ನಮ್ಮ ಡ್ರಾಯರಿನ ಐದು ಫೋನು. ಐದೂ ಒಂದು ಕಾಲಕ್ಕೆ ಯಾರಿಗೋ ಬೇಕಾಗಿದ್ದವು.

ನಾಲ್ಕು ಬೋಲ್ಟು

ಮಂಚಕ್ಕಿಂತ ಮೊದಲು ಒಂದು ಮೇಜು ಕೊಟ್ಟಿದ್ದೆ. ಓದುವ ಮೇಜು, ಬಿಚ್ಚಿ ಜೋಡಿಸುವಂಥದ್ದು. ತಗೊಂಡು ಹೋಗಲು ಬಂದ ಹುಡುಗ ಕಾಲೇಜು ಓದುತ್ತಿದ್ದವನು. ಯಾರದೋ ಗಾಡಿ ಕೇಳಿಕೊಂಡು ತಂದಿದ್ದ. ಹಲಗೆಗಳನ್ನು ಒಂದೊಂದಾಗಿ ಮೆಟ್ಟಿಲಿಳಿಸಿದ. "ತುಂಬಾ ಥ್ಯಾಂಕ್ಸ್ ಸರ್, ನೆಲದ ಮೇಲೆ ಕೂತು ಓದ್ತಿದ್ದೆ" ಅಂದ. ನನಗೆ ಎದೆ ತುಂಬಿ ಬಂತು. ಒಂದು ವಾರ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಈ ಕಾಲದ ಹುಡುಗರಲ್ಲೂ ಹೀಗಿದ್ದಾರೆ ನೋಡಿ ಅಂತ. (ಈ ಕಾಲದ ಹುಡುಗರ ಬಗ್ಗೆ ಮಾತಾಡುವ ವಯಸ್ಸು ಬಂದದ್ದೂ ಅವತ್ತೇ ಗೊತ್ತಾಯಿತು.)

ಹತ್ತು ದಿನಕ್ಕೆ ಫೋನ್ ಬಂತು. "ಸರ್, ಡಿಸ್ಟರ್ಬ್ ಮಾಡ್ತಿದ್ದೀನಿ, ಸಾರಿ. ಬೋಲ್ಟ್ ಏನಾದ್ರೂ ನಿಮ್ಮಲ್ಲಿ ಉಳಿದಿದ್ಯಾ?" ಯಾವ ಬೋಲ್ಟ್ ಅಂದೆ. ಕಾಲನ್ನು ಹಲಗೆಗೆ ಸೇರಿಸುವ ನಾಲ್ಕು ಬೋಲ್ಟು. ಆಗ ನೆನಪಾಯಿತು. ಬಿಚ್ಚಿದ ದಿನ ಒಂದು ತಟ್ಟೆಯಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದೆ. ಹೋಗಿ ನೋಡಿದರೆ ತಟ್ಟೆ ಇರಲಿಲ್ಲ. ಯಾರೋ ತೊಳೆದು ಒಳಗಿಟ್ಟಿದ್ದರು. ಬೋಲ್ಟು ಎಲ್ಲಿ ಹೋಯಿತೋ. ಹುಡುಗ ಹತ್ತು ದಿನ ಕಾದಿದ್ದ. ಕೇಳಲು ಸಂಕೋಚ. ಬಿಟ್ಟಿ ತಗೊಂಡವನು ಬೋಲ್ಟ್ ಬೇರೆ ಕೇಳುತ್ತಾನಲ್ಲ ಅಂದುಕೊಳ್ಳುತ್ತಾರೇನೋ ಅಂತ. ನೋಡಿ, ಇಲ್ಲೂ ಹಿತ್ತಲು. ಆ ಹತ್ತು ದಿನ ಅವನ ಕೋಣೆಯಲ್ಲಿ ಆರು ಹಲಗೆಗಳು ಗೋಡೆಗೊರಗಿ ನಿಂತಿದ್ದವು. ಮೇಜು ಕೊಟ್ಟಿದ್ದೇನೆ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗುವಾಗ, ಅವನು ಮೊದಲೇ ಇಕ್ಕಟ್ಟಾದ ಕೋಣೆಯಲ್ಲಿ ಹಲಗೆಗಳನ್ನು ದಾಟಿಕೊಂಡು ಓಡಾಡುತ್ತಿದ್ದ.

ಒಂದು ಕಾಲಿನ ತೂತು ಅಳೆದು ಫೋಟೋ ಕಳಿಸು ಅಂದೆ, ಅಂಥದ್ದೇ ಹುಡುಕಿ ಕೊಟ್ಟೆ. ಮೂರು ಸರಿಹೋದವು, ನಾಲ್ಕನೆಯದು ಒಂದು ಸುತ್ತು ಸಡಿಲ. ಕಾಗದ ಮಡಚಿ ತುರುಕಿದ್ದೇನೆ ಸರ್, ಏನೂ ತೊಂದರೆ ಇಲ್ಲ ಅಂದ.

ಅವತ್ತಿನಿಂದ ಏನನ್ನೇ ಬಿಚ್ಚಿದರೂ ಬೋಲ್ಟು, ಸ್ಕ್ರೂ, ಬಿಚ್ಚುವ ಆ ಬಾಗಿದ ಕೀಲಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಅದೇ ವಸ್ತುವಿನ ಒಳಮೈಗೆ ಟೇಪ್ ಹಾಕಿ ಅಂಟಿಸುತ್ತೇನೆ. ಕರೆಂಟಿನ ವಸ್ತುವಾದರೆ ವೈರು, ರಿಮೋಟು, ಚಾರ್ಜರು ಜೊತೆಗೇ ಕಟ್ಟುತ್ತೇನೆ. ತಗೊಳ್ಳುವವರು ಬಂದಾಗ ಪ್ಲಗ್ ಹಾಕಿ ಓಡಿಸಿ ತೋರಿಸುತ್ತೇನೆ. ಬಿರುಕಿದ್ದರೆ ಬಿರುಕಿನದ್ದೇ ಮೊದಲ ಫೋಟೋ. ಮುಂಚೆ ನಾನು ಬಿರುಕು ಕಾಣದ ಹಾಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಮಾರುವವನ ಬುದ್ಧಿ. ಕೊಡುವವನಿಗೆ ಅದರ ಅಗತ್ಯವೇ ಇಲ್ಲ ಅಂತ ತಲೆಗೆ ಹೊಳೆಯಲು ವರ್ಷಗಳೇ ಬೇಕಾದವು. ಫೋನು ಕೊಡುವಾಗಲಂತೂ ಇನ್ನೊಂದು ಪಾಠ ಆಯಿತು. ಫೋಟೋಗಳನ್ನೆಲ್ಲ ಅಳಿಸಿ ಜಾಣತನ ಮಾಡಿದೆ ಅಂದುಕೊಂಡೆ. ಅಕೌಂಟಿನಿಂದ ಹೊರಬರುವುದನ್ನೇ ಮರೆತಿದ್ದೆ. ತಗೊಂಡವರು ಮನೆಗೆ ಹೋಗಿ ಆನ್ ಮಾಡಿದರೆ ಅದು ನನ್ನ ಪಾಸ್‌ವರ್ಡ್ ಕೇಳುತ್ತಾ ಕೂತಿದೆ. ಮೊದಲು ಅಕೌಂಟಿನಿಂದ ಹೊರಬಂದು, ಸ್ಕ್ರೀನ್ ಲಾಕ್ ತೆಗೆದು, ಆಮೇಲೆ ಎಲ್ಲವನ್ನೂ ಅಳಿಸಿ ಮೊದಲಿನ ಸ್ಥಿತಿಗೆ ತರಬೇಕು. ಇಲ್ಲದಿದ್ದರೆ ಕೊಟ್ಟದ್ದು ಫೋನಲ್ಲ, ಗಾಜಿನ ಇಟ್ಟಿಗೆ.

ಬಿಚ್ಚಿ ನೋಡದ ಗಂಟು

ಬಟ್ಟೆಯ ವಿಷಯ ಬಂದರೆ ನಾವೆಲ್ಲ ದಾನಶೂರರು. ಎರಡು ದೊಡ್ಡ ಚೀಲ ತುಂಬಿ ಸಂಗ್ರಹದ ಪೆಟ್ಟಿಗೆಗೆ ಹಾಕಿಬಿಟ್ಟರೆ ಕಪಾಟೂ ಖಾಲಿ, ಮನಸ್ಸೂ ಹಗುರ. ಚೀಲ ಆಮೇಲೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ನಾನಂತೂ ಕೇಳಿರಲಿಲ್ಲ.

ಶ್ರೀಮಂತ ದೇಶಗಳಲ್ಲಿ ಹಾಗೆ ಕೊಟ್ಟ ಬಟ್ಟೆಗಳಲ್ಲಿ ಬಹಳಷ್ಟನ್ನು ವಿಂಗಡಿಸಿ, ಒತ್ತಿ, ಗಟ್ಟಿ ಗಂಟು ಕಟ್ಟಿ ಹಡಗಿಗೆ ಹಾಕುತ್ತಾರೆ. ಘಾನಾ ದೇಶದ ಅಕ್ರಾದಲ್ಲಿ ಕಾಂಟಮಾಂಟೊ ಅಂತ ಒಂದು ಮಾರುಕಟ್ಟೆ ಇದೆ, ಜಗತ್ತಿನ ಅತಿ ದೊಡ್ಡ ಹಳೇ ಬಟ್ಟೆ ಸಂತೆಗಳಲ್ಲಿ ಒಂದು. ಅಲ್ಲಿಯ ವ್ಯಾಪಾರಿಗಳು ಆ ಗಂಟುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಲವರು ಸಾಲ ಮಾಡಿ. ಆದರೆ ಕೊಳ್ಳುವ ಮುಂಚೆ ಬಿಚ್ಚಿ ನೋಡುವ ಹಾಗಿಲ್ಲ. ಒಳಗೆ ಒಳ್ಳೆಯದಿದ್ದರೆ ಅದೃಷ್ಟ. ಹರಿದದ್ದು, ಕಲೆಯಾದದ್ದು ಇದ್ದರೆ ನಷ್ಟ ಅವರದೇ. ಮಾರಾಟವಾಗದೆ ಉಳಿದದ್ದು ಚರಂಡಿಗೆ, ಕಡಲತೀರಕ್ಕೆ, ಸುಡುವ ರಾಶಿಗೆ ಹೋಗುತ್ತದೆ. ಹೊರಗಿನಿಂದ ಬರುವ ಈ ಬಟ್ಟೆಗಳಿಗೆ ಅಲ್ಲಿಯ ಅಕಾನ್ ಭಾಷೆಯಲ್ಲಿ 'ಒಬ್ರೋನಿ ವಾವು' ಅನ್ನುತ್ತಾರೆ. ಸತ್ತ ಬಿಳಿಯನ ಬಟ್ಟೆ ಅಂತ ಅರ್ಥ. ಇಷ್ಟೊಂದು ಬಟ್ಟೆ ಯಾರಾದರೂ ಬದುಕಿರುವಾಗಲೇ ಬಿಟ್ಟುಕೊಡುತ್ತಾರೆ ಅಂತ ಹೆಸರಿಟ್ಟವರಿಗೆ ಅನ್ನಿಸಿರಲಿಕ್ಕಿಲ್ಲ.

ಇದನ್ನು ಓದಿದಾಗ ನನಗೆ ಆ ಗರ್ಭಿಣಿ ನೆನಪಾದರು. ನಾನು ಕೊಟ್ಟದ್ದನ್ನು ಆಕೆ ಎತ್ತಿ ಇಳಿಸಿ ನೋಡಿದರು, ಬೇಡ ಅಂದರು. ಆ ಗಂಟು ಕೊಂಡ ವ್ಯಾಪಾರಿಗೆ ಅದು ಆಗುವುದಿಲ್ಲ. ನನ್ನ ಕಪಾಟಿನಲ್ಲಿ ನಾನು ತೀರ್ಮಾನ ಮಾಡದೆ ಬಿಟ್ಟ ಕಾಲರ್ ಹರಿದ ಅಂಗಿಯನ್ನು ಎಲ್ಲೋ ಒಬ್ಬರು ಕೈಯಲ್ಲಿ ಹಿಡಿದು, ಇದು ಕಸ ಅಂತ ತೀರ್ಮಾನ ಮಾಡಬೇಕು. ಅದೂ ದುಡ್ಡು ಕೊಟ್ಟು. ನನ್ನ ಮನಸ್ಸು ಹಗುರವಾದದ್ದು ಅವರ ತಲೆಗೆ ಹೊರೆಯಾಗಿ. ಈಗ ಬಟ್ಟೆ ವಿಂಗಡಿಸುವಾಗ ಹರಿದದ್ದನ್ನು ಮನೆಯಲ್ಲೇ ಕತ್ತರಿಸಿ ಒರೆಸುವ ಬಟ್ಟೆ ಮಾಡುತ್ತೇನೆ, ಅದಕ್ಕೂ ಬರದ್ದನ್ನು ನಾನೇ ಕಸಕ್ಕೆ ಹಾಕುತ್ತೇನೆ. ಕೈ ನಡುಗುತ್ತದೆ, ನಿಜ. ಎಸೆಯುವುದು ಪಾಪ ಅಂತ ಕಲಿತ ಕೈ.

ವಸ್ತುವಿಗೂ ಅದು ಬೇಕಾದ ಒಬ್ಬ ಮನುಷ್ಯನಿಗೂ ನೇರವಾಗಿ ಗಂಟು ಹಾಕುವ ದಾರಿಗಳು ಇದಕ್ಕೇ ನನಗೆ ಹೆಚ್ಚು ಇಷ್ಟ. 2003ರಲ್ಲಿ ಅಮೆರಿಕದ ಟೂಸಾನ್‌ನಲ್ಲಿ ಡೆರಾನ್ ಬೀಲ್ ಅನ್ನುವವರು ಗೆಳೆಯರಿಗೂ ಕೆಲವು ಸಂಸ್ಥೆಗಳಿಗೂ ಒಂದು ಈಮೇಲ್ ಹಾಕಿ ಶುರು ಮಾಡಿದ ಫ್ರೀಸೈಕಲ್ ಇಂಥದ್ದು. ಕೊಡುವುದು ಪೂರ್ತಿ ಉಚಿತವಾಗಿರಬೇಕು ಅನ್ನುವುದು ಅದರ ಮುಖ್ಯ ನಿಯಮ. ಹತ್ತು ವರ್ಷ ಬಿಟ್ಟು, 2013ರಲ್ಲಿ, ಅದೇ ದೇಶದ ಬೇನ್‌ಬ್ರಿಜ್ ದ್ವೀಪದಲ್ಲಿ ಇಬ್ಬರು ಗೆಳತಿಯರು ಬೈ ನಥಿಂಗ್ ಶುರು ಮಾಡಿದರು. ಅಲ್ಲಿ ನೆರೆಹೊರೆಯವರೇ ಒಂದು ಗುಂಪು. ಕೊಡಬಹುದು, ಬೇಕು ಅಂತ ಕೇಳಲೂಬಹುದು. ದುಡ್ಡಿಲ್ಲ, ಬದಲಿಗೆ ಇನ್ನೊಂದು ಕೊಡಬೇಕು ಅಂತಲೂ ಇಲ್ಲ. ಅಲ್ಲಿಯ ಒಂದು ರೂಢಿ ನನಗೆ ಬಹಳ ಹಿಡಿಸಿತು. ಮೊದಲು ಕೈಯೆತ್ತಿದವರಿಗೇ ಕೊಡಬೇಕಿಲ್ಲ. ಒಂದೆರಡು ದಿನ ಸುಮ್ನೆ ಬಿಡಿ, ಯಾರು ಯಾರು ಕೇಳುತ್ತಾರೆ ನೋಡಿ, ಆಮೇಲೆ ಕೊಡಿ ಅನ್ನುತ್ತಾರೆ. ಫೋನನ್ನೇ ನೋಡುತ್ತಾ ಕೂತವರಿಗೆ ಮಾತ್ರ ಎಲ್ಲ ಸಿಗಬಾರದು ಅಂತ. ನಾನೂ ಈಗ ಎರಡು ದಿನ ಕಾಯುತ್ತೇನೆ. ಮೊದಲನೇ ನಿಮಿಷದಲ್ಲೇ "ನನಗೆ" ಅನ್ನುವವರಲ್ಲಿ ಕೆಲವರಿಗೆ ಏನು ಬೇಕು ಅಂತ ಅವರಿಗೇ ಗೊತ್ತಿರುವುದಿಲ್ಲ. ಎರಡನೇ ದಿನ ಅಳತೆ ಕೇಳುವವರಿಗೆ ಗೊತ್ತಿರುತ್ತದೆ.

ಬರುತ್ತೇನೆ ಅಂದು ಬಾರದವರ ಬಗ್ಗೆ ಬರೆಯದಿದ್ದರೆ ಅನ್ಯಾಯ. "ಈಗಲೇ ಹೊರಟೆ" ಅಂದವರಿಗಾಗಿ ಭಾನುವಾರವಿಡೀ ಬಾಗಿಲು ನೋಡಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅನ್ನಿಸುತ್ತದೆ, ಅವರಲ್ಲೂ ಅರ್ಧದಷ್ಟು ಜನ ಬೇಡ ಅನ್ನಲಾಗದೆ ಸುಮ್ಮನಾದವರೇ. ಹಾಗಾಗಿ ಮೆಸೇಜಿನ ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಬಂದು ನೋಡಿ, ಇಷ್ಟವಾಗದಿದ್ದರೆ ಬೇಡ ಅನ್ನಿ, ನನಗೇನೂ ಬೇಜಾರಿಲ್ಲ. ಬೇಜಾರು ಸ್ವಲ್ಪ ಇರುತ್ತದೆ, ಅದನ್ನು ಬರೆಯುವುದಿಲ್ಲ.

ಚಿಕ್ಕಮ್ಮನ ದೀಪ

ಬೇಡ ಅನ್ನುವುದು ಎಷ್ಟು ಕಷ್ಟ ಅಂತ ನನಗೇ ಚೆನ್ನಾಗಿ ಗೊತ್ತಿರಬೇಕಿತ್ತು. ನಮ್ಮ ಚಿಕ್ಕಮ್ಮ ಮನೆ ಬದಲಿಸುವಾಗ ನಮಗೊಂದು ದೀಪದ ಕಂಬ ಕೊಟ್ಟರು. ನನ್ನ ಭುಜದೆತ್ತರ, ಹಿತ್ತಾಳೆ ಬಣ್ಣ, ಮೇಲೆ ಕೊಡೆಯಂಥ ಬಟ್ಟೆಯ ಮುಸುಕು, ಮುಸುಕಿನ ಸುತ್ತ ಜೋತುಬಿದ್ದ ಎಳೆಗಳು. "ನಿಮ್ಮನೆ ಹಾಲಿಗೆ ಹೇಳಿ ಮಾಡಿಸಿದ ಹಾಗಿದೆ ಕಣೋ" ಅಂದರು. ಬೇಡ ಚಿಕ್ಕಮ್ಮ ಅನ್ನೋಕೆ ಬಾಯಿ ತೆರೆದೆ. "ಅಯ್ಯೋ, ನಿಮಗೇ ಬೇಕಾಗುತ್ತಲ್ಲ" ಅಂತ ಬಂತು. ಅದು ಬೇಡ ಅನ್ನುವುದಕ್ಕೆ ನಾವು ಬಳಸುವ ಮಾತು. ಕೊಡುವವರಿಗೆ ಅದು ಕೇಳಿಸುವುದೇ ಇಲ್ಲ.

ನಾಲ್ಕು ವರ್ಷ ಆ ಕಂಬ ನಮ್ಮ ಹಾಲಿನ ಮೂಲೆಯಲ್ಲಿತ್ತು. ಅದರ ಎಳೆಗಳಲ್ಲಿ ಧೂಳು ಕೂರುತ್ತಿತ್ತು, ಒರೆಸಿದರೆ ಕಿತ್ತು ಬರುತ್ತಿತ್ತು. ಮಗಳು ಅಂಬೆಗಾಲಿಡುವಾಗ ಎರಡು ಸಲ ಬೀಳಿಸಿದಳು. ಚಿಕ್ಕಮ್ಮ ಬರುತ್ತಾರೆ ಅಂದಾಗ ಮಾತ್ರ ಬಲ್ಬ್ ಹಾಕಿ ಹಚ್ಚುತ್ತಿದ್ದೆವು. ಕೊನೆಗೊಂದು ದಿನ ನಾಟಕ ಮಾಡುವ ಒಂದು ಹುಡುಗರ ಗುಂಪಿಗೆ ಅದು ಬೇಕಾಯಿತು, ಖುಷಿಯಿಂದ ಹೊತ್ತುಕೊಂಡು ಹೋದರು. ಮುಂದಿನ ತಿಂಗಳು ಚಿಕ್ಕಮ್ಮ ಬಂದು ಕೂತು, ಚಪ್ಪಲಿ ಬಿಚ್ಚಿದ ಎರಡೇ ನಿಮಿಷಕ್ಕೆ, "ಎಲ್ಲೋ ದೀಪ?" ಅಂದರು.

ಏನೇನೋ ತೊದಲಿದೆ. ರಿಪೇರಿಗೆ ಅಂತ ಶುರು ಮಾಡಿದವನು ಹೆಂಡತಿಯ ಮುಖ ನೋಡಿ ನಿಜ ಹೇಳಿದೆ. ಚಿಕ್ಕಮ್ಮ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಅಯ್ಯೋ ಮಾರಾಯ, ಅದು ನನಗೂ ಯಾರೋ ತಂದು ಹಾಕಿದ್ದೇ! ಬೇಡ ಅನ್ನೋಕೆ ಆಗಲಿಲ್ಲ. ಆರು ವರ್ಷ ಇಟ್ಕೊಂಡಿದ್ದೆ. ನಿನಗೆ ಇಷ್ಟ ಅಂತ ಅಂದ್ಕೊಂಡೆ, ನೀನು ಬೇಡ ಅನ್ನಲಿಲ್ಲವಲ್ಲ." ಅಂದರೆ ಆರು ಮತ್ತು ನಾಲ್ಕು, ಹತ್ತು ವರ್ಷ, ಎರಡು ಮನೆಯ ಎರಡು ಮೂಲೆಗಳಲ್ಲಿ, ಯಾರಿಗೂ ಬೇಡದ ಒಂದು ದೀಪ ಬರೀ ಸಂಕೋಚದ ಮೇಲೆ ನಿಂತಿತ್ತು. ಚಿಕ್ಕಮ್ಮನಿಗೆ ತಂದು ಹಾಕಿದವರಿಗೆ ಅದು ಎಲ್ಲಿಂದ ಬಂತೋ.

ಮತ್ತೆ ಮಂಚ

ಮಂಚಕ್ಕೆ ಬರೋಣ. ಓದಿದ ಮೇಲೆ ಅದನ್ನು ಇನ್ನೊಬ್ಬರಿಗೆ ಕೊಡುವ ಮಾತೇ ಇರಲಿಲ್ಲ. ನನ್ನ ಮಗಳಿಗೇನೂ ಆಗಲಿಲ್ಲವಲ್ಲ ಅಂತ ಒಂದು ಮನಸ್ಸು ಹೇಳುತ್ತಿತ್ತು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟಿನ ಬಗ್ಗೆಯೂ ಜನ ಹಾಗೇ ಹೇಳುತ್ತಾರೆ. ಹೊರಗೆ ಗೀರು ಮಾತ್ರ ಕಾಣುತ್ತದೆ, ಒಳಗಿನ ಫೋಮ್ ಒಮ್ಮೆ ಅಮುಕಿಹೋಗಿದ್ದರೆ ಎರಡನೇ ಪೆಟ್ಟಿಗೆ ಅದು ಇದ್ದೂ ಇಲ್ಲದ ಹಾಗೆ. ಕಾರಿನಲ್ಲಿ ಮಕ್ಕಳನ್ನು ಕೂರಿಸುವ ಸೀಟಿಗೂ ಆಯಸ್ಸಿದೆ. ಅನೇಕ ಸೀಟುಗಳ ಪ್ಲಾಸ್ಟಿಕ್ಕಿನ ಮೇಲೇ ತಾರೀಕು ಅಚ್ಚು ಹಾಕಿರುತ್ತಾರೆ, ತಿರುಗಿಸಿ ನೋಡಬೇಕು ಅಷ್ಟೇ. ಇಂಥವನ್ನು ಕೊಡಬಾರದು. ರಸ್ತೆ ಪಕ್ಕ ಇಡಲೂಬಾರದು, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಬಿಸಾಡಿದ ಹಳೇ ಫ್ರಿಜ್ಜುಗಳ ಒಳಗೆ ಆಟಕ್ಕೆ ಹೊಕ್ಕ ಮಕ್ಕಳು ಹೊರಬರಲಾಗದೆ ಉಸಿರುಗಟ್ಟಿ ಸತ್ತದ್ದಕ್ಕೇ 1956ರಲ್ಲಿ ಅಮೆರಿಕ ಒಂದು ಕಾನೂನು ತಂದಿತು, ಫ್ರಿಜ್ಜಿನ ಬಾಗಿಲು ಒಳಗಿನಿಂದ ತಳ್ಳಿದರೂ ತೆರೆಯಬೇಕು ಅಂತ. ಇವತ್ತಿಗೂ ಫ್ರಿಜ್ಜನ್ನು ಬಿಸಾಡುವ ಮೊದಲು ಬಾಗಿಲು ಕಳಚಿ ಅನ್ನುತ್ತಾರೆ. ಕಸಕ್ಕೆ ಹಾಕುವುದರಲ್ಲೂ ಎಷ್ಟೊಂದು ಕೆಲಸ ಇದೆ.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಮಂಚವನ್ನು ಮನೆಯ ಮುಂದೆ ತಂದು ಬಿಚ್ಚಲು ಕೂತೆ. ಇಡೀ ಮಂಚವಾಗಿ ಯಾರ ಕೈಗೂ ಸಿಗಬಾರದು. ಕಂಬಿಗಳನ್ನು ಒಂದೊಂದಾಗಿ ಗರಗಸದಲ್ಲಿ ಕುಯ್ದೆ. ಒಂದು ಕಂಬಿಯ ಮೇಲೆ ಮಗಳ ಹಲ್ಲಿನ ಗುರುತಿತ್ತು, ಸಾಲಾಗಿ ನಾಲ್ಕು ಚುಕ್ಕೆ. ಅದೊಂದನ್ನು ಎತ್ತಿ ಪಕ್ಕಕ್ಕಿಟ್ಟೆ. (ಹೌದು, ಅದು ಈಗ ಅಟ್ಟದ ಮೇಲಿದೆ. ಇರಲಿ ಬಿಡಿ.)

ಅಷ್ಟರಲ್ಲಿ ಒಬ್ಬರು ಸೈಕಲ್ ನಿಲ್ಲಿಸಿದರು. ಹಿಂದಿನ ಕ್ಯಾರಿಯರಿನಲ್ಲಿ ಕಟ್ಟಿದ ರಟ್ಟುಗಳಿದ್ದವು. ನಾನು ಕುಯ್ಯುವುದನ್ನು ಸ್ವಲ್ಪ ಹೊತ್ತು ನೋಡಿದರು.

"ಒಳ್ಳೇ ಮಂಚ ಅಲ್ವಾ ಸಾರ್? ಯಾಕೆ ಕುಯ್ತಿದ್ದೀರಿ? ಬೇಡ್ವಾದ್ರೆ ಕೊಡಿ, ತಗೊಂಡು ಹೋಗ್ತೀನಿ."

"ಇಲ್ಲ, ಇದನ್ನು ಕೊಡೋಕೆ ಆಗಲ್ಲ" ಅಂದೆ.

ಅವರ ಮುಖ ಸಣ್ಣಗಾಯಿತು. ಕೇಳಬಾರದಿತ್ತು ಅನ್ನುವ ಹಾಗೆ ಪೆಡಲಿನ ಮೇಲೆ ಕಾಲಿಟ್ಟರು. ನಾನು ಗರಗಸ ಕೆಳಗಿಟ್ಟು, ಬನ್ನಿ ಅಂತ ಕರೆದು, ಉಳಿದಿದ್ದ ಚೌಕಟ್ಟನ್ನು ಎತ್ತಿ ಇಳಿಸಿ ತೋರಿಸಿದೆ. ಯಾವ ಕೊಂಡಿ, ಎಲ್ಲಿ ಸಡಿಲ, ಸಂದು ಹೇಗೆ ಬೀಳುತ್ತದೆ, ಎಲ್ಲ ಹೇಳಿದೆ. ಅವರು ಬಗ್ಗಿ, ಆ ಸಂದಿಯೊಳಗೆ ತಮ್ಮ ಮುಷ್ಟಿಯನ್ನು ತೂರಿಸಿ ನೋಡಿದರು. ಹೋಯಿತು. "ಹೌದಲ್ಲ" ಅಂದರು. ಆಮೇಲೆ ಮಂಚದ ಕಾಲುಗಳ ಕಡೆ ನೋಡಿದರು. ನಾಲ್ಕು ಸಣ್ಣ ರಬ್ಬರ್ ಗಾಲಿಗಳು, ಇನ್ನೂ ಹೊಸದರ ಹಾಗೇ ಇದ್ದವು.

"ಗಾಲಿ ಕೊಡ್ತೀರಾ? ಇದಕ್ಕೆ ಸಣ್ಣ ಗಾಡಿ ಮಾಡ್ಕೋತೀನಿ" ಅಂತ ರಟ್ಟಿನ ಕಡೆ ಕೈ ತೋರಿಸಿದರು.

"ನೋಡ್ಕೊಳ್ಳಿ, ತಿರುಗಿಸಿ ನೋಡಿ" ಅಂದೆ. ಒಂದೊಂದನ್ನೂ ಬೆರಳಿನಿಂದ ತಿರುಗಿಸಿ ನೋಡಿದರು. ಮೂರು ಸರಾಗ ತಿರುಗಿದವು. ನಾಲ್ಕನೆಯದು ಕಿರ್ ಅಂದಿತು. ಎಣ್ಣೆ ಹಾಕಿದರೆ ಸರಿಹೋಗುತ್ತೆ ಅಂತ ಅವರೇ ಹೇಳಿಕೊಂಡರು. ನಾಲ್ಕನ್ನೂ ಬಿಚ್ಚಿದೆ. ಗಾಲಿಗೆ ನಾಲ್ಕರಂತೆ ಹದಿನಾರು ಸ್ಕ್ರೂ. ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು, ಎಣಿಸಿ ಹಾಕಿ, ಗಂಟು ಕಟ್ಟಿ ಕೈಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಳ್ಳುವ ಮುಂಚೆ ಗಂಟು ಬಿಚ್ಚಿ, ಅಲ್ಲೇ ನನ್ನ ಎದುರಿಗೆ ನಿಂತು, ಮತ್ತೊಮ್ಮೆ ಎಣಿಸಿದರು.